ಕೆಂಪು ದಾರ ಕಟ್ಟಿದ ಗಿಡ

ಜ್ವರವೇನೋ ಬಿಟ್ಟು ಹೋಗುತ್ತದೆ. ಹೋಗುವಾಗ ಮೈಯಲ್ಲಿದ್ದ ಕಸುವನ್ನೂ ಗಂಟು ಕಟ್ಟಿಕೊಂಡು ಹೋಗುತ್ತದೆ. ಇದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ? ಎಂಬತ್ತೆರಡರ ಯುಗಾದಿಯ ಹೊತ್ತಿಗೆ ನಮ್ಮ ಹನುಮಸಾಗರದ ಟಪಾಲಿನ ಯಂಕೋಬನಿಗೆ ಆಗಿದ್ದೂ ಇದೇ.

ನಾನು ಫಕೀರಮ್ಮ, ಊರಿನ ಮಹಿಳಾ ಮಂಡಳದವಳು. ಯಂಕೋಬನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಾಚೆ ಏನು ನಡೆದರೂ ನನಗೆ ಗೊತ್ತಾಗದೆ ಇರುವುದಿಲ್ಲ. ನನ್ನ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ಯಂಕೋಬನ ಕೆಲಸವೇ ನಡೆಯುವುದು. ಟಪಾಲಿನ ಚೀಲ ಹೆಗಲಿಗೆ ಹಾಕಿಕೊಂಡು ಸುತ್ತಲಿನ ಹಳ್ಳಿಗಳಿಗೆಲ್ಲ ಬಿಸಿಲು ಮಳೆ ಎನ್ನದೆ ನಡೆದೇ ಹೋಗಿ ಬರುತ್ತಿದ್ದ. ಅಂಥವನನ್ನು ಟೈಫಾಯಿಡ್ ಹಾಸಿಗೆಗೆ ಕೆಡವಿತು. ಕುಷ್ಟಗಿಯ ಡಾಕ್ಟರು ಔಷಧಿ ಕೊಟ್ಟರು, ಜ್ವರ ಬಿಟ್ಟಿತು. ಆದರೆ ಒಳಗಿನಿಂದ ಕಟ್ಟೆಯವರೆಗೆ ಬರುವುದರೊಳಗೆ ಕಾಲು ನಡುಗಿ ಕುಸಿದು ಕೂತುಬಿಡುತ್ತಿದ್ದ. ಚೀಲವನ್ನು ಬದಲಿ ಮನುಷ್ಯನೊಬ್ಬ ಹೊರುತ್ತಿದ್ದ.

ಪೋಸ್ಟ್ ಮಾಸ್ತರರು ಮನೆಗೆ ಬಂದು ಹೇಳಿ ಹೋದರು. "ಕಾರಹುಣ್ಣಿವಿ ತನಕ ಕಾಯ್ತೀನಿ ಯಂಕೋಬ. ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ."

ಆ ಕೆಲಸ ಹೋದರೆ ಮನೆಗೆ ಬೇರೆ ಆಧಾರವಿರಲಿಲ್ಲ. ಅಣ್ಣ ಓಬಳೆಪ್ಪನ ಹೊಲದ ಬೆಳೆ ಅವನ ಮಕ್ಕಳಿಗೇ ಸಾಲದು. ಯಂಕೋಬನ ಹೆಂಡತಿ ಹುಲಗೆಮ್ಮ ಒಲೆಯ ಮುಂದೆ ಕೂತು ಬಿಕ್ಕುವುದು ಗೋಡೆಯೀಚೆ ನನಗೆ ಕೇಳುತ್ತಿತ್ತು. ಕೇಳಿ ಕೇಳಿ ನನಗೂ ಅನ್ನ ಸೇರದಾಯಿತು.

ನಮ್ಮ ಓಣಿಯ ತುದಿಯಲ್ಲಿ ಸರ್ದಾರಬೀ ಎಂಬ ಹಿರಿಯಳಿದ್ದಾಳೆ. ಅವಳ ಅಪ್ಪ ಟಾಂಗಾ ಹೊಡೆಯುತ್ತಿದ್ದವ, ಅಜ್ಜ ಗಿಡಮೂಲಿಕೆ ಬಲ್ಲವ. ಒಂದು ದಿನ ಅವಳೇ ಬಂದು ಹುಲಗೆಮ್ಮನ ಪಕ್ಕ ಕೂತಳು.

"ಯಾಕಳ್ತೀಯವ್ವ? ಹಿರೇಮದ್ದಿನ ಗಿಡ ಕೇಳಿಯಿಲ್ಲ? ಅಶ್ವಗಂಧಿ ಅಂತಾರಲ್ಲ, ಅದು. ಅದರ ಬೇರಿನ ಪುಡಿ ಹಾಲಾಗ ಕುದಿಸಿ ಕೊಟ್ರ ದಣದ ಮೈಗೆ ಕಸುವು ಬರತೈತಿ. ನಮ್ಮ ಮುತ್ಯಾ ಕುಸ್ತಿ ಹಿಡಿಯೋರಿಗೂ ಕೊಡ್ತಿದ್ದ, ನಿದ್ದಿ ಬರಲಾರದ ಮುದುಕರಿಗೂ ಕೊಡ್ತಿದ್ದ."

"ಹಂಗಂದ್ರ ಇವತ್ತ ಕೊಡ್ರಿ ಚಾಚಿ."

"ತಡಿ, ತಡಿ. ನನ್ನ ಹತ್ರ ಇದ್ದ ಪುಡಿ ತೀರೈತಿ. ನಿಮ್ಮ ಭಾವನ ಹೊಲದ ಬದುವಿನಾಗ ಗಿಡ ಗುರ್ತು ಮಾಡಿ ಇಟ್ಟೀನಿ. ಈಗ ಮಗಳ ಬಾಣಂತನಕ್ಕ ತಾವರಗೇರಾಕ್ಕ ಹೊಂಟೀನಿ. ಬಂದ ಕೂಡ್ಲೆ ಬೇರು ತೆಗದು ಕೊಡ್ತೀನಿ. ಅಷ್ಟರಾಗ ಡಾಕ್ಟರ್ರನ್ನೂ ಒಂದು ಮಾತು ಕೇಳ್ರಿ."

ಸರ್ದಾರಬೀ ಹೋದಳು, ಬೇಗ ಬರಲಿಲ್ಲ. ಕಾರಹುಣ್ಣಿಮೆಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಯಂಕೋಬನ ತಾಯಿ ಗಾಳೆಮ್ಮ ತಾಳ್ಮೆಗೆಟ್ಟು ಹಿರಿಮಗನನ್ನು ಕರೆದಳು. "ಯಪ್ಪಾ ಓಬಳೆಪ್ಪ, ನಿನ್ನ ಹೊಲದಾಗ ಐತಂತ, ಒಂದು ಬೇರು ಕಿತ್ತು ತರಾಕ ಆಗಂಗಿಲ್ಲೇನು?"

ಓಬಳೆಪ್ಪನಿಗೆ ಗಿಡಮೂಲಿಕೆ ಎಂದರೆ ನಗು. "ಬೇರಿನಾಗ ಏನೈತಬೇ? ಎಲ್ಲಾ ಬೇರೂ ಮಣ್ಣಾಗಿಂದ ಬರೋದ. ನೀ ಹೇಳ್ತೀ ಅಂತ ತರ್ತೀನಿ, ಅಷ್ಟ."

"ಭಾವಾ, ಚಾಚಿ ಏನೋ ಗುರ್ತು ಮಾಡ್ಯಾರಂತ್ರಿ. ಅವರು ಬರಲಿ" ಎಂದಳು ಹುಲಗೆಮ್ಮ.

"ನನ್ನ ಹೊಲ ನನಗ ಗೊತ್ತಿಲ್ಲೇನು?" ಎಂದು ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಬೇರು ಬಂತು. ಗಾಳೆಮ್ಮ ಜಜ್ಜಿ ಹಾಲಿನಲ್ಲಿ ಕುದಿಸಿದಳು. ಯಂಕೋಬ ನಾಲ್ಕು ಗುಟುಕು ಕುಡಿದು, ಕಹಿ ಎಂದು ಲೋಟ ಕೆಳಗಿಟ್ಟ.

ಹೊತ್ತು ನೆತ್ತಿಗೆ ಬರುವ ಮೊದಲೇ ಅವನು ಧಡಕ್ಕನೆ ಎದ್ದು ಕೂತ. ಮುಖ ಕೆಂಪಗಾಗಿತ್ತು, ಕಣ್ಣು ಅರಳಿದ್ದವು. ಜೋರಾಗಿ ಮಾತಾಡತೊಡಗಿದ.

"ನೋಡಿದಿರೇನು? ಬೇರು ಹಿಡೀತು!" ಎಂದು ಓಬಳೆಪ್ಪ ತೊಡೆ ತಟ್ಟಿ ನಕ್ಕ. ಗಾಳೆಮ್ಮ ದೇವರಿಗೆ ಕೈ ಮುಗಿದಳು.

ಗದ್ದಲ ಕೇಳಿ ನಾನು ಓಡಿ ಹೋದೆ. ಯಂಕೋಬ ಇಲ್ಲದ ಚೀಲದೊಳಗೆ ಕೈ ಹಾಕುತ್ತಿದ್ದ. ಇಲ್ಲದ ಕಾಗದ ತೆಗೆದು, ಬರೀ ಗಾಳಿಗೆ ಚಾಚುತ್ತಿದ್ದ. "ಹೊನ್ನೂರಪ್ಪಣ್ಣಾ, ನಿನಗ ಕಾಗದ ಬಂದೈತಿ, ತಗೋ... ತಗೋಳೋ ಮಾರಾಯ!"

ಹೊನ್ನೂರಪ್ಪ ಸತ್ತು ಎರಡು ವರ್ಷವಾಗಿತ್ತು.

"ಕಸುವಲ್ಲೋ ಇದು, ವಿಷ!" ಎಂದು ಕೂಗಿದೆ. "ನಿಂತು ಏನು ನೋಡ್ತೀರಿ? ಗಾಡಿ ತರ್ರಿ!"

ಮಕ್ಬುಲಸಾಬನ ಜೀಪಿನಲ್ಲಿ ಕುಷ್ಟಗಿ ದವಾಖಾನೆಗೆ ಒಯ್ದೆವು. ಒಂದು ಬುದ್ಧಿ ನನಗೆ ಹೊಳೆದಿತ್ತು. ಉಳಿದ ಹಾಲನ್ನೂ ಬೇರಿನ ತುಂಡನ್ನೂ ಜೊತೆಗೇ ತಗೊಂಡಿದ್ದೆ. ಡಾಕ್ಟರು ಅವನ ಕಣ್ಣು ನೋಡಿದರು, ಒಣಗಿದ ಬಾಯಿ ನೋಡಿದರು, ಬೇರು ನೋಡಿದರು.

"ಇದು ದತ್ತೂರಿ ವಿಷ. ಕುಡಿದಿದ್ದು ಸ್ವಲ್ಪ, ಲಗೂನ ಬಂದೀರಿ. ಅದಕ್ಕ ನಿಮ್ಮ ಮನುಷ್ಯ ನಿಮಗ ಸಿಕ್ಕ" ಎಂದರು. ಹುಲಗೆಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

ಯಂಕೋಬ ಚೇತರಿಸಿಕೊಂಡು ಮನೆಗೆ ಬಂದ. ಈಗ ಓಬಳೆಪ್ಪನ ಸಿಟ್ಟೆಲ್ಲ ಸರ್ದಾರಬೀಯ ಮೇಲೆ. "ಆ ಮುದುಕಿ ನನ್ನ ತಮ್ಮನ್ನ ಕೊಲ್ಲಾಕ ಹತ್ತಿದ್ಳು" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ. ಅದೇ ಹೊತ್ತಿಗೆ ಸುದ್ದಿ ತಿಳಿದು ಸರ್ದಾರಬೀ ಬಸ್ಸಿಳಿದು ಬಂದಳು. ಕೈಯಲ್ಲಿನ ಗಂಟನ್ನೂ ಇಳಿಸಿರಲಿಲ್ಲ.

"ಎಲ್ಲಿ ಅಗದಿ, ನಡಿ, ತೋರ್ಸು" ಎಂದಳು.

ನಾವೂ ಹಿಂದೆ ಹೋದೆವು. ಬೇಸಿಗೆಯ ಬದುವಿನಲ್ಲಿ ಎಲೆಯೆಲ್ಲ ಉದುರಿ, ಎಲ್ಲ ಗಿಡಗಳೂ ಒಂದೇ ತರಹ ಒಣಕಟ್ಟಿಗೆಯಾಗಿ ನಿಂತಿದ್ದವು. ಕೆಲವಕ್ಕೆ ಕೆಂಪು ದಾರ ಕಟ್ಟಿತ್ತು. ಓಬಳೆಪ್ಪ ಅಗೆದ ಗುಂಡಿ ಅವುಗಳ ಬಾಜೂಕೇ ಇತ್ತು.

"ಈ ದಾರ ನಾನ ಕಟ್ಟಿದ್ದು. ಇಷ್ಟು ಹತ್ರ ಬಂದು, ಇದನ್ಯಾಕ ಬಿಟ್ಟೆಪ್ಪಾ?"

ಓಬಳೆಪ್ಪನ ದನಿ ಇಳಿಯಿತು. "ದಾರ ಕಂಡು... ಯಾರೋ ನನ್ನ ಹೊಲದಾಗ ಮಾಟ ಮಾಡ್ಯಾರ ಅಂದ್ಕೊಂಡೆ. ಅಂಜಿಕಿ ಆತು, ಗುರ್ತಿನ ಮಾತು ತಲಿಗೇ ಬರಲಿಲ್ಲ. ಅದನ್ನ ಮುಟ್ಟಲಾರದ, ದಾರ ಇಲ್ಲದ್ದನ್ನ ಹುಡುಕಿ ಕಿತ್ತೆ."

ನೋಡಿದಿರಾ? ಜೀವ ಕಾಯುವ ದಾರಕ್ಕೆ ಅಂಜಿದ, ಜೀವ ತೆಗೆಯುವ ಬೇರಿಗೆ ಅಂಜಲಿಲ್ಲ.

ಸರ್ದಾರಬೀ ಗುಂಡಿಯ ಪಕ್ಕದಿಂದ ಮುಳ್ಳುಮುಳ್ಳಾದ ಒಣ ಕಾಯೊಂದನ್ನು ಎತ್ತಿದಳು. "ಇದು ಮದಗುಣಕಿ ಕಾಯಿ. ಡಾಕ್ಟರ್ರು ದತ್ತೂರಿ ಅಂದ್ರಲ್ಲ, ಅದ ಇದು. ಹಿರೇಮದ್ದಿಗೆ ಮುಳ್ಳಿನ ಕಾಯಿ ಇರಂಗಿಲ್ಲ. ತೆಳ್ಳನ ಸಿಪ್ಪಿಯೊಳಗ ಸಣ್ಣ ಕೆಂಪು ಹಣ್ಣು ಇರತೈತಿ. ಎಲಿ, ಹಣ್ಣು ಇದ್ದಾಗ ಗುರ್ತು ಸಿಗತೈತಿ. ಬೇರು ಬಲಿತು ತೆಗಿಯೋ ಹೊತ್ತಿಗೆ ಬರೀ ಕಟ್ಟಿಗಿ ಉಳಿತೈತಿ. ಅದಕ್ಕ ಸುಗ್ಗ್ಯಾಗ ಹಣ್ಣು ನೋಡಿ ದಾರ ಕಟ್ಟೋದು, ಬ್ಯಾಸಗ್ಯಾಗ ದಾರ ನೋಡಿ ಬೇರು ತೆಗಿಯೋದು. ಇದು ನಮ್ಮ ಮುತ್ಯಾನ ಪದ್ಧತಿ."

ದಾರವಿದ್ದ ಗಿಡದ ಬೇರು ಅಗೆದು, ಮುರಿದು, ನನ್ನ ಮೂಗಿಗೆ ಹಿಡಿದಳು. "ಟಾಂಗಾ ಎಳದು ಬಂದ ಕುದುರಿ ಬೆವತ್ಹಂಗ ವಾಸನಿ ಬಂತಿಲ್ಲ? ಅದ ನೋಡು." ಬಂತು, ಖರೇನೇ ಬಂತು. ದಾರವಿದ್ದ ಉಳಿದ ಗಿಡಗಳನ್ನು ಬೀಜಕ್ಕೆಂದು ಅವಳು ಮುಟ್ಟಲಿಲ್ಲ.

ಬೇರನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿದಳು. ಯಂಕೋಬನನ್ನು ಕರೆದುಕೊಂಡು ಹೋಗಿ ಡಾಕ್ಟರಿಗೂ ಪುಡಿ ತೋರಿಸಿದೆವು. ಅವರು ಪುಡಿ ಮೂಸಿ ನಕ್ಕರು. "ಇದು ಅಶ್ವಗಂಧಿ. ಜ್ವರ ಪೂರಾ ಹೋಗೈತಿ, ಸ್ವಲ್ಪ ಸ್ವಲ್ಪ ಕೊಡ್ರಿ. ಊಟ, ವಿಶ್ರಾಂತಿ ಮಾತ್ರ ತಪ್ಪಸಬ್ಯಾಡ್ರಿ" ಎಂದರು.

ಆದರೂ ಗಾಳೆಮ್ಮ ಹಾಲಿನ ಲೋಟಕ್ಕೆ ಕೈ ಅಡ್ಡ ಹಿಡಿದಳು. "ಬ್ಯಾಡವ್ವ ತಾಯಿ. ಒಮ್ಮೆ ಕಳಕೊಂಡು ಪಡದೀನಿ."

ಸರ್ದಾರಬೀ ಅರ್ಧ ಹಾಲನ್ನು ಬೇರೆ ಲೋಟಕ್ಕೆ ಬಗ್ಗಿಸಿ, ಎಲ್ಲರ ಮುಂದೆ ತಾನೇ ಕುಡಿದಳು. "ಇನ್ನ ಕೊಡ್ತೀಯೇನವ್ವ?" ಎಂದಳು. ಗಾಳೆಮ್ಮನ ಕಣ್ಣಲ್ಲಿ ನೀರು ಬಂತು. ಉಳಿದ ಹಾಲನ್ನು ತನ್ನ ಕೈಯಿಂದಲೇ ಮಗನಿಗೆ ಕುಡಿಸಿದಳು.

ಯಂಕೋಬ ಒಂದೇ ದಿನದಲ್ಲಿ ಎದ್ದು ಓಡಿದ ಎಂದು ನಾನು ಸುಳ್ಳು ಹೇಳುವುದಿಲ್ಲ. ಮೊದಲು ನಿದ್ದೆ ಹತ್ತಿತು. ಆಮೇಲೆ ಹಸಿವಾಯಿತು, ಜೋಳದ ರೊಟ್ಟಿ, ಬೇಳೆ, ಮೊಸರು ಸೇರತೊಡಗಿದವು. ಕಟ್ಟೆಯವರೆಗೆ ಬಂದ, ಬಾವಿಯವರೆಗೆ ಹೋದ, ಕೊನೆಗೆ ಹೊಲಕ್ಕೆ ಹೋಗಿ ಬಂದ. ನನಗಂತೂ ಆ ಗಿಡದ ಮೇಲೆ ಭಾರೀ ಗೌರವ ಹುಟ್ಟಿತು. ಅದಕ್ಕೆ ಯಾರೂ ನೀರು ಹಾಕುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ನಮ್ಮ ಈ ಕೆಂಡದಂಥ ಬಿಸಿಲಲ್ಲಿ ಎಲೆ ಉದುರಿಸಿ ನಿಂತರೂ ಸತ್ವವನ್ನೆಲ್ಲ ಬೇರಿನಲ್ಲಿ ಕಾಪಾಡಿಕೊಂಡಿರುತ್ತದೆ. ಎಂಥಾ ಗಿಡ ಅದು!

ಕಾರಹುಣ್ಣಿಮೆಯ ದಿನ ಊರಿನ ಎತ್ತುಗಳೆಲ್ಲ ಬಣ್ಣ ಬಳಿಸಿಕೊಂಡು ನಿಂತಿದ್ದವು. ಅವುಗಳ ನಡುವೆ ಯಂಕೋಬ ಟಪಾಲಿನ ಚೀಲ ಹೆಗಲಿಗೇರಿಸಿ ಹೊರಟ. ಹುಲಗೆಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಮುಂದಿನ ಸುಗ್ಗಿಯಲ್ಲಿ ಓಬಳೆಪ್ಪ ಸರ್ದಾರಬೀಯನ್ನು ತಾನೇ ಕರೆದುಕೊಂಡು ಹೋದ. ಅವಳು ಹಣ್ಣು ನೋಡಿ ಹೌದೆಂದ ಗಿಡಕ್ಕೆ ಅವನು ದಾರ ಕಟ್ಟುತ್ತಿದ್ದ. ಚೀಲ ಹೊತ್ತು ಆ ದಾರಿಯಲ್ಲೇ ಬಂದ ಯಂಕೋಬ ನಿಂತು ಕಾಲೆಳೆದ. "ಏನಣ್ಣಾ, ಮಾಟ ಮಾಡಾಕ ಹತ್ತೀಯೇನು?"

ಓಬಳೆಪ್ಪ ತಲೆ ಎತ್ತಲಿಲ್ಲ. "ಹೂಂನೋ ತಮ್ಮಾ. ನಿನಗ ಇನ್ನೊಮ್ಮೆ ನನ್ನ ಕೈಲೆ ವಿಷ ಹಾಕಬಾರ್ದು ಅಂತ ಮಾಡಾಕ ಹತ್ತೀನಿ" ಎಂದು ಗಂಟನ್ನು ಬಿಗಿಯಾಗಿ ಎಳೆದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬದುವಿನಲ್ಲೂ ಹಿರೇಮದ್ದು ಇದ್ದೀತು. ಅದನ್ನು ಕಳೆ ಎಂದು ಕಿತ್ತೆಸೆಯಬೇಡಿ. ಆದರೆ ಬಲ್ಲವರು ಗುರುತಿಸದ ಬೇರನ್ನು ಬಾಯಿಗೆ ಇಡಬೇಡಿ. ಇದು ದಣಿದ ಮೈಗೆ ಆಸರೆ, ಜ್ವರಕ್ಕೆ ಮದ್ದಲ್ಲ. ಜ್ವರ ಬಂದರೆ ದವಾಖಾನೆಗೆ ಹೋಗಿ. ಬಸುರಿಯರಿಗೆ ಇದನ್ನು ಕೊಡಲೇಬೇಡಿ. ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಏನಾದರೂ ಎಡವಟ್ಟಾದರೆ, ಕುಡಿದು ಉಳಿದದ್ದನ್ನು ಜೊತೆಗೇ ಕಟ್ಟಿಕೊಂಡು ಕೂಡಲೇ ದವಾಖಾನೆಗೆ ಓಡಿ. ನಿಮ್ಮೂರಿನ ಸರ್ದಾರಬೀಯರನ್ನು ಈ ಸುಗ್ಗಿಯಲ್ಲೇ ಹೊಲಕ್ಕೆ ಕರೆದೊಯ್ದು ಗಿಡದ ಗುರುತು ಕಲಿಯಿರಿ.

ದಾರ ಕಟ್ಟಿದ ಗಿಡ ಕಂಡರೆ ಅಂಜಬೇಡಿ. ದಾರ ಕಟ್ಟದ ಗಿಡಕ್ಕೆ ಅಂಜಿ.