ಎದುರಿಗಿದ್ದ ಆಸ್ಪತ್ರೆ

ಬಸ್ಸಿನಿಂದ ಇಳಿದಾಗ ಆಸ್ಪತ್ರೆ ಕಣ್ಣೆದುರಿಗೇ ಇತ್ತು. ದರ್ಜಿ ಹೆಂಗಸಿಗೆ ಹೋದ ಜೀವ ಬಂದಂತಾಯಿತು. ಅಮ್ಮ ಸತ್ತ ಮೇಲೆ ತಾನೇ ಎತ್ತಿ ಆಡಿಸಿ, ದಿನಾ ಎರಡು ಜಡೆ ಹೆಣೆದು ಬೆಳೆಸಿದ ತಂಗಿಗೆ ಅಂದು ಹನ್ನೊಂದಕ್ಕೆ ಹೃದಯದ ಆಪರೇಷನ್. ಅಕ್ಕನ ಮುಖ ನೋಡದೆ ಒಳಗೆ ಹೋಗೋದಿಲ್ಲ ಅಂತ ಹಟ ಹಿಡಿದಿದ್ದಾಳೆ ಎಂದು ತಂಗಿಯ ಗಂಡ ಫೋನ್ ಮಾಡಿದ್ದ. ಈಗಿನ್ನೂ ಒಂಬತ್ತೂವರೆ. ಎದುರಿಗೇ ಇಳಿದಿದ್ದೀನಿ ಎಂದು ಅವನಿಗೆ ಫೋನ್ ಮಾಡಿ ತಿಳಿಸಿದಳು.

ಆದರೆ ನಡುವೆ ರಸ್ತೆಯಿತ್ತು. ಹನ್ನೆರಡು ಸಾಲು ಕಾರುಗಳು, ಮಧ್ಯೆ ಎದೆಮಟ್ಟದ ಗೋಡೆ. ದಾಟುವುದು ಎಲ್ಲಿ ಎಂದು ಪೆಟ್ರೋಲ್ ಬಂಕಿನವನನ್ನು ಕೇಳಿದಳು.

"ನಡೆದು ಹೋಗೋಕೆ ದಾರಿ ಇಲ್ಲಮ್ಮ. ಕಾರಲ್ಲಾದ್ರೆ ಹತ್ತು ನಿಮಿಷ."

ಕಾರುಗಳಿಗೆ ಕೈ ಅಡ್ಡ ಹಿಡಿದಳು. ಒಂದೂ ನಿಲ್ಲಲಿಲ್ಲ. ದೂರದಲ್ಲಿ ಮೇಲ್ಸೇತುವೆಯೊಂದು ಕಂಡಿತು. ವರ್ಷಗಟ್ಟಲೆ ಹೊಲಿಗೆ ಮಿಷನ್ ತುಳಿದು ಸವೆದ ಮೊಣಕಾಲು ಎಳೆದುಕೊಂಡು ರಸ್ತೆಯಂಚಿನ ಜಲ್ಲಿಯ ಮೇಲೆ ಮುಕ್ಕಾಲು ಗಂಟೆ ನಡೆದಳು. ಸೇತುವೆಯ ಮೇಲೆ ಕಾಲಿಡಲು ಗೇಣು ಜಾಗವಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ಸರಿಯುವಾಗ ಲಾರಿಯೊಂದು ಸವರಿಕೊಂಡೇ ಹೋಯಿತು. ಬೆಚ್ಚಿ ಕೈ ಸಡಿಲಿತು. ಫೋನಿದ್ದ ಚೀಲ ಕೆಳಗಿನ ರಸ್ತೆಗೆ ಬಿತ್ತು.

ಹಿಂದಿನಿಂದ ಬಂದ ಪೊಲೀಸಿನವನು ಬದುಕು ಬೇಜಾರಾಗಿದೆಯಾ ಎಂದು ಗದರಿದ. ವಿಷಯ ತಿಳಿದು ಮೆತ್ತಗಾಗಿ ಜೀಪಿಗೆ ಹತ್ತಿಸಿಕೊಂಡ. ಆದರೆ ಸೇತುವೆ ಇಳಿದ ಮೇಲೆ ಆಸ್ಪತ್ರೆಯ ಕಡೆಗೆ ತಿರುಗಲು ಇನ್ನೂ ಆರು ಕಿಲೋಮೀಟರ್ ಹೋಗಬೇಕಿತ್ತು. ಮುಂದೆ ಕಾರುಗಳು ಆಮೆಯಂತೆ ತೆವಳುತ್ತಿದ್ದವು. ಹಿಂದಿನ ಗಾಜಿನಲ್ಲಿ ಆಸ್ಪತ್ರೆ ಚಿಕ್ಕದಾಗುತ್ತಾ ಹೋಯಿತು. ಅವಳು ಗಡಿಯಾರ ನೋಡಲಿಲ್ಲ.

ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಆಪರೇಷನ್ ಕೋಣೆಯ ಹೊರಗೆ ತಂಗಿಯ ಗಂಡ ಒಬ್ಬನೇ ಕೂತಿದ್ದ. ಕೊನೇ ಗಳಿಗೆಯವರೆಗೂ ತಡೆದೆ ಅಕ್ಕಾ, ಡಾಕ್ಟರು ಕೇಳಲಿಲ್ಲ ಅಂದ.

"ಏನಾದ್ರೂ ಅಂದ್ಲಾ?"

"ಅಕ್ಕ ಎದುರಿಗೇ ಇಳಿದಿದ್ದಾರೆ, ಇನ್ನೇನು ಬಂದ್ಬಿಡ್ತಾರೆ ಅಂದೆ. ಸರಿ, ಹಾಗಾದ್ರೆ ಎದ್ದ ಮೇಲೆ ನೋಡ್ತೀನಿ ಅಂದ್ಲು."

ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದು ಮುಖಗವಸು ತೆಗೆದರು. ಅವರು ಬಾಯಿ ಬಿಡುವ ಮೊದಲೇ ತಂಗಿಯ ಗಂಡ ಕುಸಿದು ಕೂತ. ದರ್ಜಿ ಹೆಂಗಸು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ನಿಂತಳು.

ಆಮೇಲೆ ನರ್ಸು ಒಳಗೆ ಕರೆದಳು. ಅಕ್ಕ, ತಣ್ಣಗಾಗಿದ್ದ ತಂಗಿಯ ಕೆದರಿದ ಕೂದಲನ್ನು ಬೆರಳಲ್ಲೇ ಬಾಚಿ, ಎರಡು ಪಾಲು ಮಾಡಿ, ಬಿಗಿಯಾಗಿ ಜಡೆ ಹೆಣೆಯತೊಡಗಿದಳು. ಹೊತ್ತಾಯಿತು ಎಂದು ನರ್ಸು ಎರಡು ಸಲ ಅಂದಳು. ಅವಳು ತಲೆಯೆತ್ತದೆ, ಇನ್ನೊಂದು ಜಡೆ ಇದೆಯಮ್ಮಾ ಅಂದಳು.