ಲೈನ್ ಪದಕ್ಕೆ ಇಪ್ಪತ್ತಮೂರು ಬಾಯಿ

ನಿಘಂಟಿನ ಕಚೇರಿಯಲ್ಲಿ ಎಲ್ಲರೂ ಅವಳನ್ನು ತರಲೆ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರಪ್ಪ ಅದು ಎಂದು ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, "ಪದಗಳಿಗೆಲ್ಲ ಹೇಳ್ಬಿಡಿ, ನಾನು ಬಂದಿದ್ದೀನಿ. ಇನ್ಮೇಲೆ ಅರ್ಥ ನಾನು ಹೇಳಿದ್ದೇ" ಎಂದು ಖಳನಾಯಕನ ಗತ್ತಿನಲ್ಲಿ ಡೈಲಾಗ್ ಹೊಡೆದಿದ್ದಳು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಮೊದಲು ಬಾಗಿಲು ಹಾಕಮ್ಮ, ಕಾರ್ಡು ಹಾರ್ತವೆ" ಎಂದಿದ್ದರು.

ಮೇಷ್ಟ್ರು ಎಂದರೆ ಪ್ರಧಾನ ಸಂಪಾದಕರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್–ಕನ್ನಡ ನಿಘಂಟು ಕಟ್ಟುತ್ತಿದ್ದರು. ಅವರದ್ದೊಂದು ಹಟ. ಪ್ರತಿ ಅರ್ಥಕ್ಕೂ ಒಂದು ಕಾರ್ಡು. ಕಾರ್ಡಿನ ಹಿಂದೆ, ಆ ಅರ್ಥ ಯಾರ ಬದುಕಿನಲ್ಲಿ ದಿನಾ ಓಡಾಡುತ್ತದೋ ಅಂಥ ಒಬ್ಬರ ಕಸುಬು, ಅವರು ಆಡಿದ ಒಂದು ಮಾತು. ಪುಸ್ತಕ ನೋಡಿ ಪುಸ್ತಕ ಬರೆಯುವಂತಿಲ್ಲ. "ಪದ ಇರೋದು ಬಾಯಲ್ಲಿ. ಬಾಯಿ ಹುಡುಕ್ಕೊಂಡು ಹೋಗು" ಎನ್ನುತ್ತಿದ್ದರು. ಕಾರ್ಡಿನ ಹಿಂದೆ ಏನಿದೆಯೋ ಅದನ್ನು ಅವರು ಎಂದೂ ಮರುಪ್ರಶ್ನೆ ಮಾಡಿದವರಲ್ಲ.

ತರಲೆಯ ಪಾಲಿಗೆ ಬಂದದ್ದು 'ಲೈನ್'. ನೋಡಲು ಬಡಪಾಯಿ ಪದ, ಒಳಗೆ ಹೊಕ್ಕರೆ ತುಂಬಿದ ಸಂಸಾರ. ಗೆರೆಯೂ ಅದೇ, ಸಾಲೂ ಅದೇ, ರೈಲಿನ ಹಳಿಯೂ ಅದೇ. ವಂಶಕ್ಕೂ ಲೈನ್, ಕಸುಬಿಗೂ ಲೈನ್, ಕಾಲೇಜಿನ ಗೇಟಿನಲ್ಲಿ ಕೆಲಸವಿಲ್ಲದವರು ಹೊಡೆಯುವುದೂ ಲೈನೇ. ಜತೆಗೆ ನೆಂಟರ ದಂಡು ಬೇರೆ: ಔಟ್‌ಲೈನ್, ಹೆಡ್‌ಲೈನ್, ಪೈಪ್‌ಲೈನ್. ಒಟ್ಟು ಇಪ್ಪತ್ತಮೂರು ಕಾರ್ಡು, ಅಂದರೆ ಇಪ್ಪತ್ತಮೂರು ಬಾಯಿ.

ತರಲೆ ಒಂದು ಬಾಯನ್ನೂ ಹುಡುಕಲಿಲ್ಲ. ಹೊರಗೆ ಬಿಸಿಲು ಜೋರಿತ್ತು, ಎದುರಿನ ಟೀ ಅಂಗಡಿಯಲ್ಲಿ ಫ್ಯಾನಿತ್ತು. ಅಲ್ಲೇ ಕೂತು ಒಂದೇ ಮಧ್ಯಾಹ್ನದಲ್ಲಿ ನರ್ಸು, ದರ್ಜಿ, ಲೈನ್‌ಮನ್ ಎಂದು ಇಪ್ಪತ್ತಮೂರು ಜನರನ್ನು ಹುಟ್ಟಿಸಿಬಿಟ್ಟಳು. ಗಾಳ ಹಾಕುವವನ ಬಾಯಿಗೆ, "ದಾರ ನಂದು, ಟೆನ್ಷನ್ ಮೀನಿಂದು" ಎಂಬ ಪಂಚ್ ತುರುಕಿದಳು. ಮೇಷ್ಟ್ರು ಅದನ್ನೋದಿ ನಕ್ಕು ನಕ್ಕು, ಪಕ್ಕದ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಅಕ್ಕನಿಗೂ ಕೇಳಿಸಿದರು. "ಎಂಥೆಂಥ ಜನ ಸಿಗ್ತಾರೆ ನೋಡು ಇವಳಿಗೆ."

ತರಲೆ ಬೇಗನೆ ಮುಂದಿನ ಕಾರ್ಡನ್ನು ಅವರ ಮುಂದೆ ಸರಿಸಿದಳು.

ಸಿದ್ಧವಾದ ಪುಟಗಳು ಆಗಾಗ ಪ್ರೆಸ್ಸಿಗೆ ಹೋಗುತ್ತಿದ್ದವು. 'ಲೈನ್' ಇದ್ದ ಪುಟ ಹೋದ ದಿನ ಬೆಳಿಗ್ಗೆ ಬೀದಿಯ ಕರೆಂಟು ಹೋಯಿತು. ತರಲೆ ಕೆಳಗಿಳಿದು ಬಂದರೆ, ಕಂಬಕ್ಕೆ ಏಣಿ ಒರಗಿಸಿ ಲೈನ್‌ಮನ್ ಒಬ್ಬರು ಸೊಂಟದ ಬೆಲ್ಟು ಬಿಗಿಯುತ್ತಿದ್ದರು.

"ಅಣ್ಣ, ಲೈನ್ ಸತ್ತಿದ್ಯಾ?"

"ಆಫ್ ಮಾಡಿದ್ದಾರೆ."

"ಹಾಗಾದ್ರೆ ಆರಾಮಾಗಿ ಮುಟ್ಟಬಹುದು ಬಿಡಿ."

ಅವರು ಬೆಲ್ಟು ಬಿಟ್ಟು ತಿರುಗಿದರು. "ಯಾರು ಹೇಳಿದ್ದು ನಿನಗೆ?"

"ನಿಮ್ಮೋರೇ. ಒಬ್ಬ ಲೈನ್‌ಮನ್." ಅದು ಅವಳದೇ ಕಾರ್ಡು: 'ಡೆಡ್ ಲೈನ್, ಆಫ್ ಮಾಡಿದ ತಂತಿ, ಮುಟ್ಟಬಹುದು.'

"ಲೈನ್‌ಮನ್ ಆಗಿದ್ರೆ ಹಾಗೆ ಹೇಳಿರಲ್ಲ ತಾಯಿ. ಹೇಳಿದ್ರೆ ಅವನು ಇವತ್ತಿಗೆ ಇರಲ್ಲ." ಅವರು ಎಡಗೈಯ ಗ್ಲೌಸ್ ಬಿಚ್ಚಿದರು. ಕೊನೆಯ ಎರಡು ಬೆರಳು ಇರಲಿಲ್ಲ. "ನಂಗೂ ಆಫ್ ಮಾಡಿದೀವಿ, ಸತ್ತಿದೆ ಅಂದಿದ್ರು. ಯಾವುದೋ ಮನೇಲಿ ಜನರೇಟರ್ ಹಾಕಿದ್ರು, ಕರೆಂಟು ಹಿಂದಿನಿಂದ ಬಂತು. ಟೆಸ್ಟ್ ಮಾಡಿ, ತಂತೀನ ನೆಲಕ್ಕೆ ಸೇರಿಸಿ ಅರ್ತ್ ಮಾಡೋ ತನಕ ನಮ್ಮ ಬಾಯಲ್ಲಿ ಯಾವ ಲೈನೂ ಸತ್ತಿಲ್ಲ."

ತರಲೆಗೆ ಆಗ ನೆನಪಾಯಿತು: ನಿಘಂಟಿನ ಮೊದಲ ಮುನ್ನೂರು ಪ್ರತಿ ಹೋಗಲಿದ್ದುದು ಎಲೆಕ್ಟ್ರಿಕ್ ಕೆಲಸ ಕಲಿಸುವ ಶಾಲೆಗೆ. ಹೇಳಿದರೆ ತನ್ನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಯಾರದೋ ಬೆರಳು. ಮೆಟ್ಟಿಲು ಹತ್ತುವಾಗ ಅವಳ ತಲೆಯಲ್ಲಿ ಒಂದೇ ಒಂದು ಡೈಲಾಗೂ ಹುಟ್ಟಲಿಲ್ಲ.

"ಮೇಷ್ಟ್ರೇ, ಡೆಡ್ ಲೈನ್ ಕಾರ್ಡಿನ ಲೈನ್‌ಮನ್ ಇಲ್ಲ."

"ಅಯ್ಯೋ ಪಾಪ, ಏನಾಯ್ತು?"

"ಏನೂ ಆಗಿಲ್ಲ. ಅವನು ಹುಟ್ಟೇ ಇಲ್ಲ. ನಾನೇ ಬರೆದಿದ್ದು. ಅರ್ಥವೂ ತಪ್ಪು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ನರ್ಸಮ್ಮ?"

"ಇಲ್ಲ."

"ದರ್ಜಿ?"

"ಇಲ್ಲ."

"ಮೀನಿನವನು?"

"ಅವನೂ ಇಲ್ಲ."

"ಅವನು ನನಗೆ ತುಂಬ ಇಷ್ಟ ಆಗಿದ್ದ" ಎಂದರು ಮೇಷ್ಟ್ರು. ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮೇಷ್ಟ್ರು ಪ್ರೆಸ್ಸಿಗೆ ಫೋನ್ ಮಾಡಿದರು. "ಲೈನ್ ಇರೋ ಪುಟ ನಿಲ್ಲಿಸಿ... ಮೆಷಿನ್ ಮೇಲಿದೆ ಅಂತ ಗೊತ್ತು... ಬೈಯಿರಿ, ಕೇಳ್ತಾ ಇದ್ದೀನಿ... ಇಲ್ಲ, ಬೇರೆ ಯಾರದೂ ಅಲ್ಲ, ತಪ್ಪು ನನ್ನದೇ." ಆ ಕಡೆಯ ಬೈಗುಳ ಅಕ್ಕನ ಕೋಣೆಯವರೆಗೂ ಕೇಳಿಸುತ್ತಿತ್ತು. ಮೇಷ್ಟ್ರು ಎಲ್ಲವನ್ನೂ ಹೂಂ ಹೂಂ ಎಂದು ಕೇಳಿಸಿಕೊಂಡು ಫೋನ್ ಇಟ್ಟರು.

"ನಾಳೆ ಸಂಜೆ ನಾಲ್ಕಕ್ಕೆ ಹೊಸ ಪುಟ ಅಲ್ಲಿರಬೇಕಂತೆ."

"ನನ್ನ ಕೆಲಸ ಹೋಯ್ತಾ ಮೇಷ್ಟ್ರೇ?"

"ಒಂದೇ ದಿನ ಇಪ್ಪತ್ತಮೂರು ಸಾವು ಆಗಿರೋ ಮನೆ ಇದು. ಆ ಮಾತು ಆಮೇಲೆ. ಹೋಗು."

ತರಲೆ ಹೋದಳು. ಮೊದಲು ಕಂಬದ ಬುಡಕ್ಕೆ. ಲೈನ್‌ಮನ್ ಅಣ್ಣ ತಮ್ಮ ಮಾತನ್ನು ಎರಡು ಸಲ ನಿಧಾನವಾಗಿ ಹೇಳಿ, ಬರೆದದ್ದನ್ನು ಓದಿಸಿಕೊಂಡು, "ಅರ್ತ್ ಅನ್ನೋದರ ಕೆಳಗೆ ಗೆರೆ ಎಳಿ" ಎಂದರು. ಆಸ್ಪತ್ರೆಯ ನರ್ಸಮ್ಮ ಮಗುವಿನ ಕೈಗೆ ಚುಚ್ಚಿದ ಡ್ರಿಪ್ ನಳಿಕೆಯ ಮೇಲೆ ಪಟ್ಟಿ ಅಂಟಿಸುತ್ತಲೇ ಹೇಳಿದರು: "ಸೂಜಿ ಅಂದ್ರೆ ಅಳ್ತವೆ ಕಣೇ. ಲೈನ್ ಹಾಕ್ತೀನಿ ಅಂದ್ರೆ ಪಾಪ, ಕೈ ಚಾಚ್ತವೆ." ದರ್ಜಿ ಅವಳ ಕುರ್ತಾವನ್ನೇ ಮೇಲಿಂದ ಕೆಳಗೆ ನೋಡಿ, "ಇದನ್ನ ಎ-ಲೈನ್ ಅಂತ ಹೊಲ್ದೋನು ಯಾರು? ಕೆಳಗೆ ಅಗಲಾನೇ ಆಗಿಲ್ಲ. ಅವನನ್ನ ಕೇಳ್ಬೇಡ, ನನ್ನನ್ನ ಕೇಳು" ಎಂದು ಸೀಮೆಸುಣ್ಣ ಹಿಡಿದು ಅರ್ಧ ಗಂಟೆ ಪಾಠ ಮಾಡಿದ. ನಾಟಕದ ಮುದುಕ ನಟ, "ಲೈನ್ ಮರೆತರೆ ಎದುರಿಗಿರೋನ ಕಣ್ಣಲ್ಲಿ ಹುಡುಕ್ತೀನಿ. ಅವನೂ ಮರೆತಿದ್ರೆ ಕೆಮ್ತೀನಿ" ಎಂದ.

ಕೆರೆ ಏರಿಯ ಮೇಲೆ ಗಾಳ ಹಾಕಿ ಕೂತವನನ್ನು ಕೇಳಿದಾಗ ಅವನು ತುಂಬ ಹೊತ್ತು ಯೋಚಿಸಿದ. "ದಾರ ಅಂತೀವಿ."

"ಮೀನು ಸಿಕ್ಕಾಗ ಏನಂತೀರಾ?"

"ಏನೂ ಅನ್ನಲ್ಲ. ಅಂದ್ರೆ ಓಡೋಗುತ್ತೆ."

ತಾನು ಟೀ ಅಂಗಡಿಯಲ್ಲಿ ಕಟ್ಟಿದ ಪಂಚ್ ಇದರ ಮುಂದೆ ನೀರುಮಜ್ಜಿಗೆ ಎನ್ನಿಸಿತು ತರಲೆಗೆ. ಕಾಲಲ್ಲಿ ಬೊಬ್ಬೆ ಬಂದಿದ್ದವು. ಆದರೆ ಕೇಳಿದ ಒಬ್ಬರೂ ಹೋಗಾಚೆ ಎನ್ನಲಿಲ್ಲ. ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ತಮ್ಮ ಮಾತನ್ನು ಜೋಪಾನವಾಗಿ ಎತ್ತಿಕೊಟ್ಟರು. "ಥ್ಯಾಂಕ್ಸ್" ಎಂದು ಬಾಯಿ ತುಂಬ ಹೇಳಿದರೂ ಅವಳಿಗೆ ಸಾಲದು ಅನ್ನಿಸುತ್ತಿತ್ತು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಇನ್ನೊಮ್ಮೆ ಹೇಳುತ್ತಿದ್ದಳು. ದರ್ಜಿಯಂತೂ, "ಸರಿ ಹೋಗಮ್ಮ, ಎಷ್ಟು ಸಲ ಹೇಳ್ತೀಯ" ಎಂದು ಓಡಿಸಿದ.

ಮರುದಿನ ಮೂರೂವರೆಗೆ ಅಕ್ಕ ಹೊಸ ಪುಟ ತೆಗೆದುಕೊಟ್ಟರು. ಮೇಷ್ಟ್ರು ಒಂದೊಂದೇ ಕಾರ್ಡು ತಿರುಗಿಸಿ ನೋಡಿದರು. "ಹತ್ತೊಂಬತ್ತಿದೆ."

"ಇನ್ನು ನಾಲ್ಕು ಜನ ಸಿಗಲಿಲ್ಲ ಮೇಷ್ಟ್ರೇ. ಅದಕ್ಕೆ ಬರೀಲಿಲ್ಲ."

ಮೇಷ್ಟ್ರು ಲೈನ್‌ಮನ್ನನ ಕಾರ್ಡನ್ನು ಮತ್ತೊಮ್ಮೆ ಓದಿ, ಪುಟವನ್ನು ಕವರಿಗೆ ಹಾಕಿ ಅವಳ ಕೈಗಿಟ್ಟರು. "ನೀನೇ ಪ್ರೆಸ್ಸಿಗೆ ಕೊಟ್ಟು ಬಾ. ಬರುವಾಗ ಸರಪಳಿ ಮಾಡೋರು ಯಾರಾದರೂ ಸಿಗ್ತಾರಾ ನೋಡು. ಮುಂದಿನ ಪದ ಲಿಂಕ್."

ಅಂದರೆ ನಾಳೆಯೂ ಬರಬಹುದು. ತರಲೆ ಬಾಗಿಲವರೆಗೆ ಹೋಗಿ ತಿರುಗಿದಳು. "ಮೇಷ್ಟ್ರೇ, ನಿನ್ನೆ ಫೋನಿನಲ್ಲಿ ನೀವು ಬೈಸಿಕೊಂಡಿದ್ದು... ಥ್ಯಾಂಕ್ಸ್."

"ಅವರ ಬೈಗುಳದಲ್ಲಿ ಎರಡು ನನಗೆ ಹೊಸದು. ಬರ್ಕೊಂಡಿದ್ದೀನಿ" ಎಂದರು ಮೇಷ್ಟ್ರು. "ಓಡು, ನಾಲ್ಕಾಗ್ತಾ ಬಂತು."