ಒಂಬತ್ತನೇ ರೂಟಿನ ಸೇತುವೆ

ಟಿಣ್, ಇಷ್ಟೇ, ಚಮಚ ಲೋಟಕ್ಕೆ ತಗುಲಿದಷ್ಟು ಸದ್ದು, ಫೋನು ನೋಡಬೇಕಾಗಿಯೇ ಇಲ್ಲ, ರಾತ್ರಿ ಎರಡು ಗಂಟೆ ಹತ್ತು ನಿಮಿಷ, ಅಜ್ಜಿ ನಿನ್ನೆಯ ಹಾಲನ್ನೆಲ್ಲ ಎಣಿಸಿ ಮುಗಿಸಿ ರಿಪೋರ್ಟು ಕಳಿಸಿದ್ದಾಳೆ, ಹದಿನೈದು ವರ್ಷದಿಂದ ಇದೇ ಹೊತ್ತಿಗೆ ಇದೇ ಸದ್ದು, ಗಂಡ ಗ್ರೇಮ್ ಮನೆ ಬಿಟ್ಟು ಹೋದ ವಾರವೂ ಬಂತು, ಅಮ್ಮನ ಪಕ್ಕ ಆಸ್ಪತ್ರೆಯಲ್ಲಿ ಕೂತಿದ್ದಾಗಲೂ ಬಂತು, ಯಾರದು ಇಷ್ಟೊತ್ತಲ್ಲಿ ಅಂತ ನರ್ಸು ಕೇಳಿದಳು, ಹಾಲು ಅಂದೆ, ಅವಳು ನನ್ನನ್ನು ಒಂಥರಾ ನೋಡಿ ಹೋದಳು — ಇವತ್ತಿನದು ಕೊನೆಯದು. ಬೆಳಿಗ್ಗೆ ಒಂಬತ್ತಕ್ಕೆ ಅಜ್ಜಿಯನ್ನು ಮುಚ್ಚುತ್ತಾರೆ, ಹೊಸದು ತೆರೆಯುತ್ತದೆ. ಅಜ್ಜಿ ಅಂದರೆ ಒಂದು ಸಾಫ್ಟ್‌ವೇರು, ಮತ್ತೇನಲ್ಲ, ನಮ್ಮ ಹಾಲಿನ ಸಂಘದ ಇಪ್ಪತ್ತೆರಡು ರೂಟುಗಳಲ್ಲಿ ಯಾವುದರಿಂದ ಎಷ್ಟು ಲೀಟರು ಬಂತು, ಟ್ಯಾಂಕರು ಎಷ್ಟು ಕಿಲೋಮೀಟರು ಓಡಿತು ಅಂತ ಬಣ್ಣದ ಪಟ್ಟಿಗಳಲ್ಲಿ ತೋರಿಸುವುದು, ಡ್ರೈವರುಗಳು ಇಟ್ಟ ಹೆಸರು, ಅಜ್ಜಿ ಏನಂತಾಳೆ ಇವತ್ತು, ನಮ್ಮ ಮೇಲೆ ಕೋಪಾನಾ — ನಾನು ಡ್ರೆಸ್ಸಿಂಗ್ ಗೌನಿನಲ್ಲಿ ಅಡುಗೆಮನೆ ಮೇಜಿನ ಮುಂದೆ, ಎಡಗಡೆ ಪರದೆಯಲ್ಲಿ ಅಜ್ಜಿ, ಬಲಗಡೆ ಹೊಸದು, ಮೂರು ವಾರದಿಂದ ಎರಡನ್ನೂ ಜೊತೆಯಲ್ಲಿ ಓಡಿಸಿ ಅಂಕಿಗೆ ಅಂಕಿ ಹೋಲಿಸುತ್ತಿದ್ದೇನೆ, ಎಲ್ಲ ತಾಳೆಯಾದರೆ ಮಾತ್ರ ಬದಲಾವಣೆ, ತಾಳೆಯಾಯಿತು ಅಂತ ಹೇಳಬೇಕಾದವಳು ನಾನೇ. ಇಪ್ಪತ್ತೊಂದು ರೂಟು ಆಗಿದೆ. ಬೆಟ್ಟದ ಟ್ರಕ್ಕುಗಳ ದೂರ ಹೊಸದಕ್ಕೆ ಬಂದು ಸೇರಿದ್ದು ನಿನ್ನೆ ಮಧ್ಯಾಹ್ನ, ಅದು ಬಂದದ್ದೇ ಒಂಬತ್ತು ಕೆಂಪಾಯಿತು. ಅಜ್ಜಿಯಲ್ಲಿ ಒಂಬತ್ತನೇ ರೂಟು ಅರವತ್ತೊಂದು ಕಿಲೋಮೀಟರು, ಹೊಸದರಲ್ಲಿ ನೂರಾ ಏಳು. ಹಾಲು ಮಾತ್ರ ಎರಡರಲ್ಲೂ ಒಂದೇ, ಏಳು ಸಾವಿರದ ಮುನ್ನೂರ ಇಪ್ಪತ್ತು ಲೀಟರು. ಮೂರು ಸಲ ಕೂಡಿಸಿ ನೋಡಿದೆ, ಎದ್ದು ಹಿಂದಿನ ಬಾಗಿಲಿಗೆ ಚಿಲಕ ಹಾಕಿದೆಯಾ ನೋಡಿ ಬಂದೆ, ಹಾಕಿತ್ತು, ಮತ್ತೆ ಕೂಡಿಸಿದೆ.

ಕಂಪನಿಗಳು ಸಾಫ್ಟ್‌ವೇರು ಯಾಕೆ ಬದಲಾಯಿಸುತ್ತವೆ ಅಂತ ಟಿಯರ್ನನ್ ನಮಗೆಲ್ಲ ಸ್ಲೈಡು ತೋರಿಸಿದ, ಮೆಲ್ಬರ್ನಿನಿಂದ ಬಂದ ಹೊಸ ಮ್ಯಾನೇಜರು, ಮೂವತ್ನಾಲ್ಕು ವಯಸ್ಸು, ಹಾಲಿನ ಸಂಘದಲ್ಲಿ ಕೂತು ಓಟ್ಸ್ ಹಾಲು ಹಾಕಿದ ಕಾಫಿ ಕುಡಿಯುವ ಗಂಡಸು ಅಂತ ಡ್ರೈವರುಗಳು ಆಡಿಕೊಳ್ಳುವುದನ್ನು ಇವತ್ತಿಗೂ ಬಿಟ್ಟಿಲ್ಲ, ಏನ್ ಟಿಯರ್ನನ್, ಓಟ್ಸ್ ಕರೆಯೋಕೆ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ, ಅವನೂ ನಗುತ್ತಾನೆ, ಕೆಟ್ಟವನಲ್ಲ — ಹಳೆಯದು ನಿಧಾನ, ಲೈಸೆನ್ಸು ದುಬಾರಿ, ಫೋನಿನಲ್ಲಿ ತೆರೆಯುವುದಿಲ್ಲ, ಆಮೇಲೆ ನಾಲ್ಕನೆಯ ಕಾರಣಕ್ಕೆ ಸ್ವಲ್ಪ ತಡೆದ, ಇದರ ಒಳಗೆ ಏನಿದೆ ಅಂತ ಜೋಸ್ಲಿನ್‌ಗೆ ಒಬ್ಬರಿಗೇ ಗೊತ್ತಿರೋದು, ಅದು ಅಪಾಯ, ತಪ್ಪು ತಿಳ್ಕೋಬೇಡಿ ಜೋಸ್ಲಿನ್. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ನಾನು ನನ್ನ ಕೈ ನೋಡಿಕೊಂಡೆ. ಗ್ವೆಂಡಾ ಇದ್ದಿದ್ದರೆ ಬಾಯಿಬಿಟ್ಟು ಹೇಳಿಬಿಡುತ್ತಿದ್ದಳು, ಅಪಾಯ ಅಲ್ಲಯ್ಯಾ, ಅದನ್ನ ಕೆಲಸ ಅಂತಾರೆ. ಈ ಅಜ್ಜಿಯನ್ನು ತಂದವಳೇ ಅವಳು, ಗ್ವೆಂಡಾ ಪಾಸ್ಕೋ, ನನ್ನ ಮೊದಲ ಮೇಲಧಿಕಾರಿ, ಅದಕ್ಕೂ ಮುಂಚೆ ಗೋಡೆಯ ಮೇಲೆ ನಕ್ಷೆ, ನಕ್ಷೆಗೆ ಗುಂಡುಸೂಜಿ, ಸೂಜಿಯಿಂದ ಸೂಜಿಗೆ ಉಲ್ಲನ್ ದಾರ, ರೂಟಿಗೊಂದು ಬಣ್ಣ, ದಿನದ ಲೀಟರನ್ನು ಪೆನ್ಸಿಲಿನಲ್ಲಿ ಚೀಟಿಗೆ ಬರೆದು ಅಂಟಿಸುವುದು, ಅದನ್ನು ಇಳಿಸಿದ ದಿನ ಗೋಡೆ ಪೂರ್ತಿ ತೂತು, ಸಿಡುಬು ಬಂದವರ ಮುಖದ ಹಾಗೆ, ಅವಳು ಅದರ ಮುಂದೆ ನಿಂತು ಸಿಗರೇಟು ಹಚ್ಚದೆ ತುಟಿಯಲ್ಲಿ ಇಟ್ಟುಕೊಂಡು ಅಂದಳು, ಛೇ, ಎಷ್ಟು ಚುಚ್ಚಿದೀವೇ ಇದಕ್ಕೆ. ಆವತ್ತು ಶುಕ್ರವಾರ, ಹತ್ತು ಗಂಟೆಯ ಟೀಗೆ ಎಲ್ಲರೂ ಮನೆಯಿಂದ ತಿಂಡಿ ತಂದಿದ್ದರು, ನನ್ನ ಲ್ಯಾಮಿಂಗ್ಟನ್ ಕೇಕು ಒಳಗೆ ಒಣಗಿತ್ತು, ಯಾರೂ ಹೇಳಲಿಲ್ಲ, ಮೊದಲ ಸಲ ಪರದೆಯ ಮೇಲೆ ಪಟ್ಟಿಗಳು ಎದ್ದು ನಿಂತವು, ಅಕ್ಟೋಬರ್, ಹುಲ್ಲು ಚಿಗುರಿ ಹಾಲು ಉಕ್ಕುವ ಕಾಲ, ಪಟ್ಟಿಗಳು ಬೆಳೆಯುತ್ತ ಬೆಳೆಯುತ್ತ ಪರದೆಯ ಮೇಲಂಚು ಮುಟ್ಟಿದವು, ಡ್ರೈವರುಗಳು ಬೂಟಿನ ಕೆಸರಿನ ಸಮೇತ ಒಳಗೆ ಬಂದು ತಂತಮ್ಮ ರೂಟು ಹುಡುಕಿದರು, ಏಯ್ ನಂದು ನಿಂದಕ್ಕಿಂತ ಉದ್ದ ಕಣೋ, ನಿಂಗೆ ಹೆಂಗಸರ ಮುಂದೆ ಇದೇ ಮಾತಾ ಸಿಕ್ಕಿದ್ದು, ನಗು, ಒದ್ದೆ ಉಣ್ಣೆಯ ವಾಸನೆ, ಹುಳಿಯಾದ ಹಾಲಿನ ವಾಸನೆ, ಆಗ ನನಗೆ ಮೂವತ್ತೇಳು, ನಾನು ಕಾಲೇಜಿನಲ್ಲಿ ಕಲಿತದ್ದು ಕೊನೆಗೂ ಎಲ್ಲಾದರೂ ಉಪಯೋಗಕ್ಕೆ ಬಂತು ಅನ್ನಿಸಿದ ದಿನ — ಈಗಿನವರು ಒಳಗೆ ಬರುವುದಿಲ್ಲ, ಫೋನಿನಲ್ಲೇ ನೋಡುತ್ತಾರಂತೆ.

ಒಂಬತ್ತು. ಬೇರೆಯವರ ಪ್ರಶ್ನೆಗೆ ಉತ್ತರ ಕೊಡುತ್ತ ಕೂತ ಯಂತ್ರ ಹೊಸಬನಿಗೆ ಹಳೆಯದಾಗಿ ಕಾಣುತ್ತದೆ, ಅಷ್ಟೇ, ಅದಕ್ಕೇ ಬದಲಾಯಿಸುತ್ತಾರೆ, ಸ್ಲೈಡಿನಲ್ಲಿ ಅದಿರಲಿಲ್ಲ, ಆದರೆ ಅಜ್ಜಿಯ ಒಳಗಿನ ಸೂತ್ರಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಪ್ರತಿಯೊಂದರ ಹಿಂದೆಯೂ ಯಾರೋ ಕೇಳಿದ ಒಂದು ಪ್ರಶ್ನೆ, ಯಾವುದೋ ಒಂದು ಬೆಳಿಗ್ಗೆ — ಇಲ್ಲಿದೆ, ಮುನ್ನೂರ ಹನ್ನೆರಡನೆಯ ಸಾಲು, ರೂಟು ಒಂಬತ್ತಕ್ಕೆ ಟ್ರಕ್ಕು ಓಡಿದ ದೂರ ಬೇಡ, ನಕ್ಷೆಯ ದೂರ ತಗೋ, ಸೇತುವೆ ಬರುವ ತನಕ, ತಾತ್ಕಾಲಿಕ, ಕೆಳಗೆ ಬರೆದವರ ಹೆಸರು, ನನ್ನದು. ನನ್ನದೇ. ಹದಿಮೂರು ವರ್ಷದ ಹಿಂದಿನ ಜೂನು, ಬ್ಲ್ಯಾಕ್‌ವಾಟಲ್ ಹೊಳೆ ಉಕ್ಕಿ ಮರದ ಸೇತುವೆ ಕಿತ್ತುಕೊಂಡು ಹೋಯಿತು, ಟ್ಯಾಂಕರು ಬೆಟ್ಟ ಸುತ್ತಿ ಹೋಗಬೇಕಾಯಿತು, ಗ್ವೆಂಡಾ ನನ್ನ ಕುರ್ಚಿಯ ಹಿಂದೆ ನಿಂತು, ಸೇತುವೆ ಹೋಗಿದ್ದು ರೈತರ ತಪ್ಪೇನೇ, ಇಲ್ಲ ತಾನೆ, ಹಳೇ ದೂರಾನೇ ಇಡು, ಕೌನ್ಸಿಲಿನವರು ಡಿಸೆಂಬರ್ ಒಳಗೆ ಕಟ್ಟಿಸ್ತಾರಂತೆ. ಡಿಸೆಂಬರ್ ಬಂತು, ಬೋರ್ಡು ನೆಟ್ಟರು, ಬೋರ್ಡು ಮಾಸಿತು, ಸೇತುವೆ ಬರಲಿಲ್ಲ, ಗ್ವೆಂಡಾ ನಿವೃತ್ತಳಾಗಿ ಕ್ವೀನ್ಸ್‌ಲ್ಯಾಂಡಿಗೆ ಹೋದಳು, ನಾನು ಮರೆತೆ, ಚಿಲಕ ಮೂರು ಸಲ ನೋಡುವ ನಾನು ಇದನ್ನು ಮರೆತೆ, ಹದಿಮೂರು ವರ್ಷ ಅಜ್ಜಿಯೊಳಗೆ ಆ ಸೇತುವೆ ನಿಂತೇ ಇದೆ, ದಿನಾ ಬೆಳಿಗ್ಗೆ ಐದಕ್ಕೆ ಅದರ ಮೇಲೆ ಟ್ಯಾಂಕರು ಹೋಗುತ್ತದೆ, ಎರಡು ದೀಪ, ಕೆಳಗೆ ಬರೀ ನೀರು. ಅಯ್ಯೋ, ಕಾಲ್ — ಕಾಲ್ ಬ್ಯಾಕ್ಸ್ಟರ್, ಒಂಬತ್ತರ ಡ್ರೈವರು, ದೂರ ಮಾತ್ರ ಕಡಿಮೆ ಮಾಡಿದೆವಲ್ಲ, ಹೊತ್ತನ್ನು ಮಾಡಲಿಲ್ಲ, ಅರವತ್ತೊಂದು ಕಿಲೋಮೀಟರಿಗೆ ಇಷ್ಟು ಹೊತ್ತಾ ಅಂತ ಎಲ್ಲರೂ ಆಡಿಕೊಂಡರು, ಕ್ರಿಸ್‌ಮಸ್ ಪಾರ್ಟಿಯಲ್ಲಿ ಅತಿ ನಿಧಾನದ ಡ್ರೈವರಿಗೆ ಪ್ಲಾಸ್ಟಿಕ್ ಆಮೆ, ಪ್ರತಿ ವರ್ಷ ಅವನಿಗೇ, ದಾರೀಲಿ ಯಾವ ವಿಧವೆ ಮನೇಲಿ ಟೀ ಕುಡೀತಿಯೋ ಕಾಲ್, ಐದು ಫಾರ್ಮು ಐದು ಟೀ ಮಾರಾಯಾ, ಮೂತ್ರಕ್ಕೂ ನಿಲ್ಲಿಸಬೇಕಲ್ಲ ಅನ್ನುತ್ತಿದ್ದ, ನಕ್ಕು ಆಮೆಯನ್ನು ಕೋಟಿನ ಜೇಬಿಗೆ ಹಾಕುತ್ತಿದ್ದ. ಅವನಿಗೆ ಗೊತ್ತಿತ್ತು. ಸ್ಟೀರಿಂಗ್ ಹಿಡಿದವನಿಗೆ ಗೊತ್ತಿರದೆ ಇರುತ್ತದೆಯೇ ತಾನು ಎಷ್ಟು ಓಡಿದೆ ಅಂತ, ಒಂದು ಸಲ ನಾನೇ ಕೇಳಿದ್ದೆ, ನಿಜವಾಗ್ಲೂ ಯಾಕೆ ಇಷ್ಟು ತಡ ಆಗುತ್ತೆ ಕಾಲ್, ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು ಇರ್ಲಿ ಬಿಡಮ್ಮ, ಅಜ್ಜಿ ಹೇಗೆ ಹೇಳ್ತಾಳೋ ಹಾಗೇ ಇರ್ಲಿ ಅಂದ, ಹದಿಮೂರು ಆಮೆ.

ಲೀಟರನ್ನು ಕಿಲೋಮೀಟರಿನಿಂದ ಭಾಗಿಸು. ಅಜ್ಜಿಯ ಪ್ರಕಾರ ನೂರಿಪ್ಪತ್ತು, ಹೊಸದರ ಪ್ರಕಾರ ಅರವತ್ತೆಂಟು, ಗೆರೆ ಇರುವುದು ಎಂಬತ್ತಕ್ಕೆ, ಗೆರೆಯ ಕೆಳಗೆ ಕೆಂಪು, ಮೂರು ತಿಂಗಳು ಕೆಂಪಿದ್ದರೆ ರೂಟು ನಿಲ್ಲುತ್ತದೆ, ಸಂಘದ ನಿಯಮ, ಆ ಕಣಿವೆಗೆ ಬೇರೆ ಯಾವ ಟ್ಯಾಂಕರೂ ಹೋಗುವುದಿಲ್ಲ. ಹದಿನಾಲ್ಕನೇ ರೂಟು ನಿಲ್ಲಿಸಿದಾಗ ನೋಡಿದ್ದೇನೆ, ಆರೇ ವಾರದಲ್ಲಿ ಹಸುಗಳನ್ನು ಲಾರಿಗೆ ಹತ್ತಿಸಿದರು, ಕೆಚ್ಚಲು ತುಂಬಿದ್ದ ಹಸುಗಳು, ಆ ಕೂಗು ಕಚೇರಿಯ ಕಿಟಕಿಗೂ ಕೇಳುತ್ತಿತ್ತು, ನನ್ನ ಪಟ್ಟಿಯಲ್ಲಿ ಒಂದು ಬಣ್ಣ ಇಲ್ಲವಾಯಿತು ಅಷ್ಟೇ. ಹೋದ ಮಂಗಳವಾರ ಆಲಿಡಾ ಬೂಮ್‌ಸ್ಟ್ರಾ ಬಂದಿದ್ದಳಲ್ಲ, ಒಂಬತ್ತರ ಕೊನೆಯ ಫಾರ್ಮು, ಗಂಡ ಹೋದ ಮೇಲೆ ಒಬ್ಬಳೇ ಎಂಬತ್ತು ಹಸು ಕರೆಯುವವಳು, ಕೌಂಟರಿನ ಮೇಲೆ ಮೊಣಕೈ ಊರಿ, ಹೊಸದೇನೋ ತರ್ತಾ ಇದೀರಂತಲ್ಲ ಜೋಸ್, ಅದಕ್ಕೆ ನಾವು ಕಾಣ್ತೀವಾ ಅಷ್ಟು ದೂರ, ಕಾಣದೆ ಏನು ಆಲಿಡಾ, ಚೆನ್ನಾಗೇ ಕಾಣುತ್ತೆ ಅಂದೆ, ಸದ್ಯ ಅಂದಳು — ಟಿಯರ್ನನ್‌ಗೆ ಹೇಳಬಹುದು, ಕಾರಣ ವಿವರಿಸಿ ಬರೆಯಬಹುದು, ಅವನು ಒಳ್ಳೆಯ ಮನಸ್ಸಿನಿಂದಲೇ ಅದನ್ನು ನಿರ್ದೇಶಕರ ಮುಂದೆ ಇಡುತ್ತಾನೆ, ಅವರು ಒಳ್ಳೆಯ ಮನಸ್ಸಿನಿಂದಲೇ ಹದಿಮೂರು ವರ್ಷ ಯಾಕೆ ಅಂತ ಕೇಳುತ್ತಾರೆ, ಆಮೇಲೆ ನಿಯಮ ನಿಯಮವೇ. ನಾನು ಹೇಳದಿದ್ದರೆ ಅದಕ್ಕೆ ಸುಳ್ಳು ಅಂತಲೇ ಹೆಸರು, ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಹೊಸದರಲ್ಲಿ ಸೂತ್ರ ಬರೆಯುವ ಕಿಟಕಿ ತೆರೆದೆ, ರೂಟು ಒಂಬತ್ತಕ್ಕೆ ನಕ್ಷೆಯ ದೂರ, ಕಾರಣ ಬರೆಯಿರಿ ಅನ್ನುತ್ತದೆ ಅದು, ಅಜ್ಜಿ ಹಾಗೆಲ್ಲ ಕೇಳುತ್ತಿರಲಿಲ್ಲ, ಬರೆದೆ, ಹಳೆಯದರಿಂದ ತಂದದ್ದು, ಪ್ರತಿ ಪದವೂ ನಿಜ, ಒತ್ತಿದೆ, ಕೆಂಪು ಒಂದು ಕ್ಷಣ ನಿಂತಿತು, ಹಸಿರಾಯಿತು. ಫೋನಿನಲ್ಲಿ ಟಿಯರ್ನನ್‌ನ ಮೆಸೇಜು, ಎದ್ದಿದೀರಾ ಜೋಸ್ಲಿನ್, ಪಾಪು ಮಲಗ್ತಾನೇ ಇಲ್ಲ ಇಲ್ಲಿ, ತಾಳೆ ಆಯ್ತಾ ಎಲ್ಲ. ಇಪ್ಪತ್ತೆರಡೂ ತಾಳೆಯಾಗಿದೆ, ಅವನಿಗೆ ಜೋಗುಳ ಹಾಡಿ ಅಂತ ಬರೆದು ಕಳಿಸಿದೆ, ಎದ್ದು ಹೋಗಿ ಮತ್ತೆ ಚಿಲಕ ನೋಡಿ ಬಂದೆ. ಭಾನುವಾರ ಗ್ವೆಂಡಾ ಫೋನು ಮಾಡುತ್ತಾಳೆ, ಮುದುಕಿ ನೋವಿಲ್ಲದೆ ಹೋದಳೇನೇ ಅಂತ ಕೇಳುತ್ತಾಳೆ, ಹೂಂ ಅನ್ನುತ್ತೇನೆ, ಅವಳಿಗೂ ಹೇಳುವುದಿಲ್ಲ, ಆಲಿಡಾಗೂ ಇಲ್ಲ, ಕಾಲ್‌ಗೆ, ಕಾಲ್‌ಗೂ ಇಲ್ಲ, ಯಾರಿಗೂ ಇಲ್ಲ — ಇನ್ನು ಸ್ವಲ್ಪ ಹೊತ್ತಿಗೆ ಅವನು ಹೊರಡುತ್ತಾನೆ, ಬೆಟ್ಟ ಸುತ್ತುತ್ತಾನೆ, ಇಲ್ಲಿ, ಪರದೆಯಲ್ಲಿ ಮಾತ್ರ ನೇರ ಬರುತ್ತಾನೆ, ಹೊಳೆಯ ಮೇಲೆ, ಟ್ಯಾಂಕರು, ಎರಡು ದೀಪ, ಚಕ್ರದ ಕೆಳಗೆ ಹಲಗೆಯಿಲ್ಲ, ನೀರು, ಎರಡು ದೀಪ, ನೀರು